ನೋವಿಲ್ಲವೆಂಬ ಸಮಾಧಾನ

ಒಂದಕ್ಕೆ ಹೋದಾಗ ಕೆಂಪಗೆ ಹೋಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ನಾವು ಕೇಳುವ ಮೊದಲ ಪ್ರಶ್ನೆ, 'ನೋವಿದೆಯಾ?' ಎಂಬುದು. ಇಲ್ಲ ಎಂಬ ಉತ್ತರ ಬಂದರೆ ಎಲ್ಲರಿಗೂ ನಿರಾಳ. 'ಉಷ್ಣ ಆಗಿರಬೇಕು, ಎಳನೀರು ಕುಡಿ, ಎರಡು ದಿನ ನೋಡೋಣ' ಎಂದು ಮಾತು ಅಲ್ಲಿಗೆ ಮುಗಿಯುತ್ತದೆ. ಎರಡು ದಿನದಲ್ಲಿ ಮೂತ್ರ ತಿಳಿಯಾಗುವುದೂ ಉಂಟು; ಎಳನೀರಿಗೆ ಒಳ್ಳೆಯ ಹೆಸರು ಬರುತ್ತದೆ. ಅದೇ ಮನೆಯಲ್ಲಿ ಇನ್ನೊಬ್ಬರಿಗೆ ಕಿಡ್ನಿ ಕಲ್ಲಿನ ನೋವು ಬಂದರೆ ಸರಿರಾತ್ರಿಯಲ್ಲಿ ಆಟೋ ಹುಡುಕಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಆದರೆ ನಾಲ್ಕು ಮಿಲಿಮೀಟರಿನ ಕಲ್ಲು ಬಹುಪಾಲು ಜನರಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ನೋವಿಲ್ಲದೆ ಬಂದು, ತಾನಾಗಿ ನಿಂತುಹೋದ ರಕ್ತವೋ, ಮೂತ್ರಕೋಶದ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಕಲ್ಲಿಗೆ ಓಡಿದ್ದು ತಪ್ಪಲ್ಲ. ರಕ್ತ ಕಂಡು ಸುಮ್ಮನೆ ಕೂತದ್ದು ತಪ್ಪು. ಮೂತ್ರಾಂಗಗಳ ಮಟ್ಟಿಗೆ ನೋವು ಒಳ್ಳೆಯ ಅಳತೆಗೋಲಲ್ಲ, ಅದನ್ನು ನಂಬಿ ವೈದ್ಯರಲ್ಲಿಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬಾರದು ಎಂಬುದು ಇವತ್ತಿನ ನನ್ನ ವಾದ.

ಮೊದಲು ಈ ವೈದ್ಯರು ಯಾರೆಂಬುದು ಗೊತ್ತಿರಲಿ. ಕಿಡ್ನಿಯ ವಿಚಾರದಲ್ಲಿ ತಜ್ಞರು ಇಬ್ಬರು. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಕಿಡ್ನಿಯ ಸೋಸುವ ಶಕ್ತಿ ಕುಂದಿದಾಗ, ಮುಖ ಕಾಲು ಊದಿಕೊಂಡಾಗ, ಡಯಾಲಿಸಿಸ್ ಬೇಕಾದಾಗ ನೋಡುವವರು ನೆಫ್ರಾಲಜಿಸ್ಟ್; ಅವರದು ಔಷಧದ ದಾರಿ. ಯುರಾಲಜಿಸ್ಟ್ ಅಂದರೆ ಮೂತ್ರರೋಗಗಳ ಶಸ್ತ್ರವೈದ್ಯರು. ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಮುಗಿಸಿ, ಮತ್ತೆ 3 ವರ್ಷ ಎಂ.ಸಿಎಚ್. ಓದಿದವರು. ಕಿಡ್ನಿ, ಅಲ್ಲಿಂದ ಮೂತ್ರ ಇಳಿದು ಬರುವ ನಾಳ, ಮೂತ್ರಕೋಶ, ಹೊರದಾರಿ ಇಷ್ಟೂ ಇವರ ಪಾಲಿನದು, ಹೆಂಗಸರದಾಗಲಿ ಗಂಡಸರದಾಗಲಿ. ಗಂಡಸರಲ್ಲಿ ಇದರ ಜೊತೆಗೆ ಪ್ರಾಸ್ಟೇಟ್, ವೃಷಣ, ಶಿಶ್ನದ ತೊಂದರೆಗಳೂ ಸೇರುತ್ತವೆ. ಈ ಕಡೆಯ ಭಾಗದಿಂದಾಗಿ 'ಅವರು ಗಂಡಸರ ಡಾಕ್ಟರು' ಎಂಬ ಮಾತು ಹಬ್ಬಿದೆ. ಅದರಿಂದ ನಷ್ಟವಾಗಿರುವುದು ಹೆಂಗಸರಿಗೆ.

ಈ ವೈದ್ಯವಿದ್ಯೆ ಹುಟ್ಟಿದ್ದೇ ನೋವಿನಿಂದ. ಮೂತ್ರಕೋಶದಲ್ಲಿ ಕೂತ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ಅಶ್ಮರಿಯ ಚಿಕಿತ್ಸೆಯಲ್ಲಿ ವಿವರಿಸುತ್ತದೆ. ಗ್ರೀಕರ ಹಿಪ್ಪೊಕ್ರಟಿಸನ ಹೆಸರಿನ ಪ್ರತಿಜ್ಞೆಯಲ್ಲಿ, ಕಲ್ಲಿಗಾಗಿ ನಾನು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂಬ ಅರ್ಥದ ಮಾತೇ ಇದೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಮನುಷ್ಯ ಅಂಥ ಕೊಯ್ತಕ್ಕೆ ಮೈಯೊಡ್ಡುತ್ತಿದ್ದ ಎಂದರೆ ಕಲ್ಲಿನ ಬಾಧೆ ಎಂಥದಿರಬೇಕು! ನೋವಿಲ್ಲದ ಕಾಯಿಲೆಗಳು ಮಾತ್ರ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1877ರಲ್ಲಿ ಜರ್ಮನಿಯ ಮ್ಯಾಕ್ಸ್ ನಿಟ್ಸೆ ಎಂಬ ವೈದ್ಯ ಮೂತ್ರಕೋಶದೊಳಗೆ ಬೆಳಕು ಬಿಟ್ಟು ನೋಡುವ ದುರ್ಬೀನನ್ನು ತೋರಿಸಿದ. ಗೆಡ್ಡೆ ಇನ್ನೂ ಚಿಕ್ಕದಿರುವಾಗಲೇ, ರೋಗಿಗೆ ಒಂದಿಷ್ಟೂ ನೋವಿಲ್ಲದಿರುವಾಗಲೇ ನೋಡಬಹುದೆಂಬುದು ಜನರಿಗೆ ತಿಳಿದದ್ದು ಆಮೇಲೆ. ಅಂದರೆ ಸುಮಾರು ನೂರೈವತ್ತು ವರ್ಷಗಳಿಂದ ಉಪಕರಣ ಇದೆ. ನಾವು ವೈದ್ಯರಲ್ಲಿಗೆ ಹೋಗುವ ಕಾರಣ ಮಾತ್ರ ಇನ್ನೂ ಹಳೆಯದೇ, ನೋವು.

ನೋವು ಯಾಕೆ ಮೋಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳಿಸುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಇದು ನಮ್ಮ ಅಗತ್ಯಕ್ಕಿಂತ ಬಹಳ ಹೆಚ್ಚು. ಒಂದು ಕಿಡ್ನಿಯನ್ನು ದಾನ ಮಾಡಿದವರು ಆರೋಗ್ಯವಾಗಿ ಬಾಳುವುದು ಈ ಹೆಚ್ಚುವರಿಯಿಂದಲೇ. ಆದರೆ ಇದೇ ಹೆಚ್ಚುವರಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಸೋಸುವ ಶಕ್ತಿ ಅರ್ಧಕ್ಕೆ ಇಳಿಯುವವರೆಗೂ ಕಿಡ್ನಿಯ ಕೆಲಸವನ್ನು ಅಳೆಯುವ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಸಹಜ ಮಟ್ಟದಲ್ಲೇ ಇರಬಹುದು. ಇನ್ನು ನೋವಿನ ಮಾತು. ಕಿಡ್ನಿಯ ಒಳಭಾಗಕ್ಕೆ ನೋವು ಗೊತ್ತಾಗುವುದು ಕಡಿಮೆ. ಅದರ ಮೇಲಿನ ಪೊರೆಯೂ, ಮೂತ್ರ ಸೇರುವ ಚೀಲವೂ ಥಟ್ಟನೆ ಹಿಗ್ಗಿದಾಗ ಮಾತ್ರ ಅದು ಕೂಗಿಕೊಳ್ಳುತ್ತದೆ. ನಿಧಾನವಾಗಿ ಹಿಗ್ಗಿದರೆ ಸದ್ದೇ ಇಲ್ಲ. ಹಾಗಾಗಿ ಇಲ್ಲಿ ನೋವು ತಿಳಿಸುವುದು ಒತ್ತಡ ಎಷ್ಟು ಬೇಗ ಏರಿತು ಎಂಬುದನ್ನು. ಅಪಾಯ ಎಷ್ಟಿದೆ ಎಂಬುದನ್ನು ಅದು ತಿಳಿಸುವುದಿಲ್ಲ.

ಕಲ್ಲನ್ನೇ ತೆಗೆದುಕೊಳ್ಳಿ. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ, ರಸ್ತೆ ಕೆಲಸದಲ್ಲಿ ಬೆವರುವವರು ಕುಡಿದ ನೀರೆಲ್ಲ ಬೆವರಾಗಿ ಹೋಗಿ ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿನ ಲವಣ ಹರಳುಗಟ್ಟುತ್ತದೆ. ಆ ಹರಳು ಕಿಡ್ನಿಯಲ್ಲೇ ಕೂತಿದ್ದರೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಇಡೀ ಕಿಡ್ನಿಯ ಒಳಗನ್ನು ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ತುಂಬಿಕೊಂಡ ಕಲ್ಲುಗಳೂ ಸದ್ದಿಲ್ಲದೆ ಬೆಳೆಯುತ್ತವೆ. ಚಿಕ್ಕ ಹರಳು ಕೆಳಗೆ ಜಾರಿ ನಾಳಕ್ಕೆ ಸಿಕ್ಕಿಕೊಂಡಾಗ ಮಾತ್ರ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ, ಕೂತರೂ ನಿಂತರೂ ಬಿಡದ ಆ ನೋವು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ನೋವು ನಿಂತ ಮೇಲಿನದು. ಇಂಜೆಕ್ಷನ್ ಕೊಟ್ಟರು, ನೋವು ಹೋಯಿತು, ಕಲ್ಲು ಬಿದ್ದಿರಬೇಕು ಎಂದು ಅಂದುಕೊಳ್ಳುತ್ತಾರೆ. ಕಲ್ಲು ಅಲ್ಲೇ ಇದ್ದೂ ನೋವು ನಿಲ್ಲಬಹುದು. ದಾರಿ ಕಟ್ಟಿದ ಕಿಡ್ನಿ ದಿನಗಳೆದಂತೆ ಮೂತ್ರ ತಯಾರಿಸುವುದನ್ನು ಕಡಿಮೆ ಮಾಡುತ್ತದೆ, ಒತ್ತಡ ಇಳಿಯುತ್ತದೆ, ನೋವು ಮಾಯವಾಗುತ್ತದೆ. ಹಾಗೆಯೇ ವಾರಗಟ್ಟಲೆ ಬಿಟ್ಟರೆ ಆ ಕಿಡ್ನಿ ಮತ್ತೆ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಆದ್ದರಿಂದ ಕಲ್ಲು ಬಿದ್ದಿದೆ ಎಂಬುದನ್ನು ಹೇಳಬೇಕಾದ್ದು ಸ್ಕ್ಯಾನ್. ಹೊಟ್ಟೆ ತಣ್ಣಗಾದದ್ದು ಸಾಕ್ಷಿಯಲ್ಲ. ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರಂತೂ ಬೆಳಗಾಗುವವರೆಗೂ ಕಾಯುವ ಹಾಗಿಲ್ಲ. ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಅದು ರಕ್ತಕ್ಕೆ ನುಗ್ಗಿ ಪ್ರಾಣಕ್ಕೇ ಬರುತ್ತದೆ.

ನೋವಿಲ್ಲವೆಂಬ ಸಮಾಧಾನ ಚಿಕಿತ್ಸೆಯ ನಂತರವೂ ಕಾಡುತ್ತದೆ. ಅದಕ್ಕೆ ಡಿಜೆ ಸ್ಟೆಂಟಿನ ಕಥೆಯೇ ಸಾಕು. ಕಲ್ಲು ತೆಗೆದ ಮೇಲೆ ನಾಳ ಊದಿ ಮುಚ್ಚಿಕೊಳ್ಳದಿರಲೆಂದು ಕಿಡ್ನಿಯಿಂದ ಮೂತ್ರಕೋಶದವರೆಗೆ ತೆಳುವಾದ, ಎರಡು ತುದಿಯಲ್ಲೂ ಸುರುಳಿಯಿರುವ ಪ್ಲಾಸ್ಟಿಕ್ ನಳಿಕೆಯೊಂದನ್ನು ಇಟ್ಟಿರುತ್ತಾರೆ. ಕೆಲವು ವಾರಗಳಲ್ಲಿ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಅದನ್ನು ತೆಗೆಸಲೇಬೇಕು. ಆದರೆ ಊರಿಗೆ ಹೋದ ರೋಗಿಗೆ ನೋವಿಲ್ಲ. ಸುಗ್ಗಿಯ ಕೆಲಸ, ಮನೆಯಲ್ಲಿ ಮದುವೆ, ಬಸ್ ಖರ್ಚು. ಡಿಸ್ಚಾರ್ಜ್ ಚೀಟಿ ಟ್ರಂಕಿನ ತಳ ಸೇರುತ್ತದೆ. ಇತ್ತ ನಳಿಕೆಯ ಮೇಲೆ ದಿನದಿನಕ್ಕೂ ಲವಣ ಕೂತು ಅದೇ ಹೊಸ ಕಲ್ಲಾಗುತ್ತದೆ, ಕೆಲವೊಮ್ಮೆ ಒಳಗೇ ತುಂಡಾಗುತ್ತದೆ. ಐದು ನಿಮಿಷದಲ್ಲಿ ಎಳೆದು ತೆಗೆಯಬಹುದಾಗಿದ್ದ ವಸ್ತುವಿಗೆ ಎರಡು ಮೂರು ಆಪರೇಷನ್ ಬೇಕಾಗುತ್ತದೆ. ಕಿಡ್ನಿಯನ್ನೇ ಕಳೆದುಕೊಂಡವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದರೆ, ತೆಗೆಸುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.

ಇನ್ನು ರಕ್ತದ ಮಾತು. ಮೂತ್ರಕೋಶದ ಒಳಪದರದಲ್ಲಿ ಏಳುವ ಗೆಡ್ಡೆ ಮೆತ್ತಗಿನ ಎಳೆಗಳಂಥದು. ಒಂದು ದಿನ ಒಂದು ಎಳೆ ಹರಿದು ರಕ್ತ ಬರುತ್ತದೆ, ತಾನಾಗಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಈ ನಡುವಿನ ಅವಧಿಯನ್ನು ನಾವು ಗುಣವಾಯಿತು ಎಂದು ಕರೆಯುತ್ತೇವೆ. ಮೂತ್ರಕೋಶದ ಕ್ಯಾನ್ಸರಿನ ಕಾರಣಗಳಲ್ಲಿ ಹೊಗೆಸೊಪ್ಪಿಗೆ ಮೊದಲ ಸ್ಥಾನ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಬೀಡಿ ಸಿಗರೇಟಿನ ನಂಟು ಇರುತ್ತದೆ. ಶ್ವಾಸಕೋಶಕ್ಕೆ ಎಳೆದ ಹೊಗೆಯ ವಿಷ ರಕ್ತ ಸೇರಿ, ಕಿಡ್ನಿ ಅದನ್ನು ಸೋಸಿ, ಮೂತ್ರವಾಗಿ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಹೊರಗಿನ ವಿಷ ಹೀಗೆ ಮೂತ್ರಕೋಶವನ್ನು ಮುಟ್ಟುತ್ತದೆಂಬ ಸುಳಿವು ಹಳೆಯದು; 1895ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಈ ಗೆಡ್ಡೆಗಳನ್ನು ಕಂಡು ವರದಿ ಮಾಡಿದ್ದ. ಗಂಟಲಿಗೆ, ಶ್ವಾಸಕೋಶಕ್ಕೆ ಬೀಡಿ ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು. ಮೂತ್ರಕೋಶದ ಸಂಗತಿ ಬೀಡಿ ಸೇದುವವರಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದ ಆಕ್ಷೇಪವೇ. ಮೂತ್ರ ಕೆಂಪಾದವರಿಗೆಲ್ಲ ಕ್ಯಾನ್ಸರ್ ಇರುತ್ತದೆಯೇ, ಸುಮ್ಮನೆ ಜನರನ್ನು ಹೆದರಿಸುವುದೇಕೆ ಎಂದು ಕೇಳಬಹುದು. ಇರುವುದಿಲ್ಲ. ಕಣ್ಣಿಗೆ ಕಾಣುವಷ್ಟು ರಕ್ತ ಹೋದವರಲ್ಲೂ ಹೆಚ್ಚಿನವರಿಗೆ ಸೋಂಕೋ ಕಲ್ಲೋ ಪ್ರಾಸ್ಟೇಟೋ ಕಾರಣವಾಗಿರುತ್ತದೆ. ಬೀಟ್‌ರೂಟ್ ತಿಂದರೆ, ಕ್ಷಯದ ಮಾತ್ರೆ ನುಂಗಿದರೆ ರಕ್ತವಿಲ್ಲದೆಯೇ ಮೂತ್ರದ ಬಣ್ಣ ಬದಲಾಗುತ್ತದೆ. ಆದರೆ ಹತ್ತು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಕ್ಯಾನ್ಸರ್ ಸಿಗುತ್ತದೆ ಎಂದಾದ ಮೇಲೆ, ಆ ಒಬ್ಬರು ಯಾರೆಂದು ಮನೆಯ ಹಜಾರದಲ್ಲಿ ಕೂತು ತೀರ್ಮಾನಿಸಲಾಗದು. ಮೂತ್ರಪರೀಕ್ಷೆ, ಸ್ಕ್ಯಾನ್, ಅಗತ್ಯವಿದ್ದರೆ ಮರಗಟ್ಟಿಸುವ ಜೆಲ್ ಹಾಕಿ ದುರ್ಬೀನಿನಲ್ಲಿ ಒಳಗೆ ನೋಡುವ ಸಿಸ್ಟೋಸ್ಕೋಪಿ; ನೋಡುವ ಕೆಲಸ ಕೆಲವೇ ನಿಮಿಷಗಳದು. ಹೃದಯದ ಕಾಯಿಲೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುವವರು 'ಅದರಿಂದಲೇ ಬಂದಿರಬೇಕು' ಎಂದು ಬಿಟ್ಟುಬಿಡುವುದುಂಟು. ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸಬಹುದು, ಸೋರುವ ಜಾಗವೊಂದು ಒಳಗಿದ್ದೇ ಇರಬಹುದು, ಅವರೂ ತೋರಿಸಬೇಕು. ಹೆಂಗಸರಲ್ಲಿ ಇದನ್ನು ಮುಟ್ಟಿನ ಲೆಕ್ಕಕ್ಕೋ ಉರಿಮೂತ್ರದ ಲೆಕ್ಕಕ್ಕೋ ಹಾಕಿ ಕಾಲ ಕಳೆಯುವುದು ಇನ್ನೂ ಹೆಚ್ಚು. ಮುಟ್ಟು ನಿಂತ ಹೆಂಗಸಿಗೆ ಮೂತ್ರದಲ್ಲಿ ರಕ್ತ ಕಂಡರೆ ಸಬೂಬಿಗೆ ಎಡೆಯೇ ಇಲ್ಲ.

ಇದೇ ಮೌನ ಪ್ರಾಸ್ಟೇಟ್ ಗ್ರಂಥಿಯದೂ ಹೌದು. ಮೂತ್ರಕೋಶದ ಕುತ್ತಿಗೆಯಲ್ಲಿ, ಹೊರದಾರಿಯನ್ನು ಸುತ್ತುವರಿದು ಇರುವ ಈ ಗ್ರಂಥಿ ಐವತ್ತರ ಆಚೆ ಬಹಳಷ್ಟು ಗಂಡಸರಲ್ಲಿ ಬೆಳೆಯುತ್ತದೆ. ಮೂತ್ರ ಶುರುವಾಗಲು ತಡ, ಧಾರೆ ಸಣ್ಣ, ನಡುನಡುವೆ ನಿಂತು ಹೋಗುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು. ಇದಾವುದರಲ್ಲೂ ನೋವಿಲ್ಲ. ಅಡ್ಡಿಯನ್ನು ಮೀರಿ ನೂಕಲು ಮೂತ್ರಕೋಶದ ಸ್ನಾಯು ವರ್ಷಗಟ್ಟಲೆ ಹೆಣಗಿ ಮೊದಲು ದಪ್ಪವಾಗುತ್ತದೆ, ಆಮೇಲೆ ಸೋಲುತ್ತದೆ. ನಾನೂರು ಐನೂರು ಮಿಲಿಲೀಟರ್ ಹಿಡಿಯುವ ಚೀಲ ಲೀಟರುಗಟ್ಟಲೆ ತುಂಬಿಕೊಂಡು ಹಿಗ್ಗಿರುತ್ತದೆ, ಹೊಕ್ಕುಳವರೆಗೂ ಉಬ್ಬಿರುತ್ತದೆ, ಆದರೂ ಹೊತ್ತ ಮನುಷ್ಯನಿಗೆ ತಿಳಿದಿರುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ಹಾಗೆ ಹೆಚ್ಚಾದದ್ದು ಹನಿಹನಿಯಾಗಿ ಪಂಚೆಗೆ ಸೋರುತ್ತದೆ. ಅವರು ಅದನ್ನು 'ಪದೇ ಪದೇ ಮೂತ್ರ ಹೋಗುತ್ತಿದೆ, ಕಟ್ಟಿಲ್ಲವಲ್ಲ' ಎಂದು ತಿಳಿಯುತ್ತಾರೆ. ಹಿಂದಕ್ಕೆ ಒತ್ತಿದ ಒತ್ತಡ ಎರಡೂ ಕಿಡ್ನಿಗಳನ್ನು ಹಾಳು ಮಾಡುತ್ತಿರುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವವರಲ್ಲಿ ಮೂತ್ರಕೋಶದ ನರಗಳೇ ಮಂಕಾಗಿ, ತುಂಬಿದ್ದು ಗೊತ್ತಾಗದೆ ಇಂಥದೇ ಸ್ಥಿತಿ ಬರಬಹುದು.

'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಎಂಬ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಗ್ರಂಥಿ ಬೆಳೆಯುವುದು ವಯಸ್ಸಿನ ಧರ್ಮ, ಬೆಳೆದವರಿಗೆಲ್ಲ ಚಿಕಿತ್ಸೆ ಬೇಕಿಲ್ಲ. ತೊಂದರೆ ಅಷ್ಟಕ್ಕಷ್ಟೇ ಇದ್ದು, ಮೂತ್ರ ಪೂರ್ತಿ ಖಾಲಿಯಾಗುತ್ತಿದ್ದರೆ ವೈದ್ಯರೇ ಸುಮ್ಮನಿರಿ ಎನ್ನುತ್ತಾರೆ. ಖಾಲಿಯಾಗುತ್ತಿದೆಯೇ ಎಂಬುದು ತಾನೇ ತಿಳಿಯಬೇಕಾದ್ದು? ಅದನ್ನು ತಿಳಿಯುವ ಪರೀಕ್ಷೆಯಲ್ಲಿ ಸೂಜಿಯೂ ಇಲ್ಲ, ಕತ್ತರಿಯೂ ಇಲ್ಲ. ಮರೆಯಲ್ಲಿ ಇಟ್ಟ ಆಲಿಕೆಯೊಳಗೆ ಮೂತ್ರ ಮಾಡಬೇಕು; ಕೆಳಗಿನ ಯಂತ್ರ ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಬಂತೆಂದು ಗೆರೆ ಎಳೆಯುತ್ತದೆ. ಧಾರೆಯ ಗರಿಷ್ಠ ವೇಗ ಸೆಕೆಂಡಿಗೆ 15 ಮಿಲಿಲೀಟರ್ ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 10ಕ್ಕಿಂತ ಕೆಳಗಿದ್ದರೆ ಅಡ್ಡಿಯಿದೆಯೆಂಬ ಗುಮಾನಿ. ಕೂಡಲೇ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ಒಳಗೆ ಎಷ್ಟು ಉಳಿಯಿತೆಂದು ನೋಡುತ್ತಾರೆ. ಅಷ್ಟೇ. ಪ್ರಾಸ್ಟೇಟ್ ಅಂದರೆ ಆಪರೇಷನ್ ಎಂಬ ಭಯಕ್ಕೂ ಈಗ ಅಷ್ಟು ಆಧಾರವಿಲ್ಲ. ಎಷ್ಟೋ ಜನರಿಗೆ ಮಾತ್ರೆಯೇ ಸಾಕು. ಗ್ರಂಥಿ ದೊಡ್ಡದಿರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಕೆಲವು ಮಾತ್ರೆಗಳು ಅವರಿಗೆ ಮೂತ್ರವನ್ನು ಇದ್ದಕ್ಕಿದ್ದಂತೆ ಪೂರ್ತಿ ಕಟ್ಟಿಸಬಲ್ಲವು.

ಪ್ರಾಸ್ಟೇಟ್ ಕ್ಯಾನ್ಸರ್ ಬೇರೆಯೇ ಸಂಗತಿ. ಅದು ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಏಳುವುದರಿಂದ ಆರಂಭದಲ್ಲಿ ಮೂತ್ರಕ್ಕೂ ಅಡ್ಡಿಯಿಲ್ಲ, ನೋವೂ ಇಲ್ಲ. ಬೆನ್ನುಮೂಳೆಗೆ ಹರಡಿದ ಮೇಲೆ ನೋಯುತ್ತದೆ. ಹಾಗಾದರೆ ಈ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಪಿ.ಎಸ್.ಎ. ರಕ್ತಪರೀಕ್ಷೆಯನ್ನು ಎಲ್ಲರೂ ಮಾಡಿಸಿಬಿಡಬೇಕೇ? ನನ್ನ ವಾದವನ್ನು ಎಳೆದರೆ ಹೌದೆನ್ನಬೇಕಾಗುತ್ತದೆ, ಆದರೆ ನಾನು ಹಾಗೆ ಹೇಳುವುದಿಲ್ಲ. ಪಿ.ಎಸ್.ಎ. ಕ್ಯಾನ್ಸರಿನಿಂದ ಮಾತ್ರ ಏರುವುದಿಲ್ಲ. ಗ್ರಂಥಿ ದೊಡ್ಡದಾದರೂ, ಸೋಂಕಾದರೂ ಏರುತ್ತದೆ. ಎಂಬತ್ತರ ವಯಸ್ಸಿನಲ್ಲಿ ಸಿಗುವ ಎಷ್ಟೋ ಪ್ರಾಸ್ಟೇಟ್ ಕ್ಯಾನ್ಸರುಗಳು ಆ ಮನುಷ್ಯನ ಆಯಸ್ಸಿಗೆ ಅಡ್ಡ ಬರುವುದೇ ಇಲ್ಲ. ಚಿಕಿತ್ಸೆಯ ಉಪದ್ರವ ಮಾತ್ರ ಉಳಿಯುತ್ತದೆ. ಆದ್ದರಿಂದ ಶಿಬಿರದಲ್ಲಿ ಸಾಲಾಗಿ ನಿಂತು ಮಾಡಿಸುವ ಪರೀಕ್ಷೆ ಅದಲ್ಲ. ಐವತ್ತು ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಸ್ವಲ್ಪ ಮೊದಲೇ, ವೈದ್ಯರೊಡನೆ ಕೂತು ಮಾತಾಡಿ ನಿರ್ಧರಿಸಬೇಕಾದ್ದು.

ಹೆಂಗಸರ ವಿಚಾರಕ್ಕೆ ಬಂದರೆ ನೋವಿನ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಹೆಂಗಸರ ಮೂತ್ರದ ಹೊರದಾರಿ ಸುಮಾರು 4 ಸೆಂಟಿಮೀಟರ್, ಗಂಡಸರದು 20. ಹಾಗಾಗಿ ಉರಿಮೂತ್ರ ಹೆಂಗಸರಲ್ಲಿ ಹೆಚ್ಚು. ಎಂದಾದರೊಮ್ಮೆ ಬಂದು, ಔಷಧಕ್ಕೆ ಹೋದರೆ ನಿಮ್ಮೂರಿನ ವೈದ್ಯರೇ ಸಾಕು. ಪದೇ ಪದೇ ಬಂದರೆ ಮಾತ್ರ ತಜ್ಞರಿಗೆ ತೋರಿಸಬೇಕು, ಅದಕ್ಕೂ ಮೊದಲು ಮೂತ್ರದ ಕಲ್ಚರ್, ಅಂದರೆ ಅದರಲ್ಲಿನ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಹಳೆಯ ಚೀಟಿ ತೋರಿಸಿ ಅದೇ ಆ್ಯಂಟಿಬಯಾಟಿಕ್ಕನ್ನು ಮೂರು ದಿನಕ್ಕೆ ತಂದು ನುಂಗಿದರೆ ಕ್ರಿಮಿ ಸಾಯುವುದಿಲ್ಲ, ಪಳಗುತ್ತದೆ. ತಿಂಗಳುಗಟ್ಟಲೆ ಉರಿ, ಮೂತ್ರದಲ್ಲಿ ಕೀವು, ಆದರೆ ಕಲ್ಚರಿನಲ್ಲಿ ಏನೂ ಬೆಳೆಯದು ಎಂದಾದರೆ ನಮ್ಮ ದೇಶದಲ್ಲಿ ಕಿಡ್ನಿಯ ಕ್ಷಯವನ್ನು ನೆನೆಯಲೇಬೇಕು. ಕೆಮ್ಮು ಇಲ್ಲದೆಯೂ ಅದು ಬರುತ್ತದೆ. ಇನ್ನು ಕೆಮ್ಮಿದರೆ, ಸೀನಿದರೆ, ಬಿಂದಿಗೆ ಎತ್ತಿದರೆ ಮೂತ್ರ ಸೋರುವ ತೊಂದರೆ. ಅದರಲ್ಲೂ ನೋವಿಲ್ಲ, ಆದ್ದರಿಂದ ಅದು ಕಾಯಿಲೆಯ ಪಟ್ಟಿಗೇ ಸೇರುವುದಿಲ್ಲ. ಮದುವೆ ಮನೆಗೆ ಹೋಗುವುದು, ಬಸ್ಸಿನಲ್ಲಿ ದೂರ ಪ್ರಯಾಣ, ದೇವಸ್ಥಾನ ಒಂದೊಂದೇ ಬಿಟ್ಟುಹೋಗುತ್ತವೆ. ಹೆತ್ತ ಮೇಲೆ ಇದೆಲ್ಲ ಸಹಜ ಎಂದು ತಾಯಿಯೇ ಮಗಳಿಗೆ ಹೇಳುತ್ತಾಳೆ. ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಮೂರು ತಿಂಗಳು ಸರಿಯಾಗಿ ಮಾಡಿದರೇ ಬಹಳಷ್ಟು ಮಂದಿಗೆ ಗುಣ ಕಾಣುತ್ತದೆ. ಅದಕ್ಕೂ ಬಗ್ಗದಿದ್ದರೆ ಚಿಕ್ಕ ಆಪರೇಷನ್ ಇದೆ. ಕಷ್ಟದ ಹೆರಿಗೆಯ ನಂತರ ಹಗಲೂ ರಾತ್ರಿ ಮೂತ್ರ ಸೋರತೊಡಗಿದರೆ, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ಅದನ್ನು ಹೊಲಿದು ಮುಚ್ಚಬಹುದು. ಹಾಗೆಂದು ತಿಳಿಯದೆ ಮೂಲೆ ಹಿಡಿದ ಹೆಂಗಸರು ಇದ್ದಾರೆಂಬುದು ನಾಚಿಕೆಗೇಡಿನ ಸಂಗತಿ, ಅವರಿಗಲ್ಲ, ನಮಗೆ.

ಇಷ್ಟು ಹೊತ್ತು ನೋವಿಲ್ಲದ್ದನ್ನೇ ಹೇಳಿದೆ. ಹಾಗಾದರೆ ನೋವಿಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಒಂದು ಸಂದರ್ಭದಲ್ಲಿ ಅದು ಗಂಟೆಯ ಲೆಕ್ಕದಲ್ಲಿ ಸತ್ಯ ಹೇಳುತ್ತದೆ. ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ವೃಷಣ ತನ್ನ ದಾರದ ಮೇಲೆ ತಿರುಚಿಕೊಂಡು ರಕ್ತ ಹರಿಯುವುದು ನಿಂತುಹೋಗುವುದುಂಟು. ನಿದ್ದೆಯಲ್ಲೂ ಆಗಬಹುದು. ಆರು ಗಂಟೆಯೊಳಗೆ ಬಿಡಿಸಿದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಉಳಿಯುತ್ತದೆ. ಹನ್ನೆರಡು ಗಂಟೆಯಾದರೆ ಆಸೆ ಕುಗ್ಗುತ್ತದೆ. ದಿನ ಕಳೆದರೆ ಬಹುಪಾಲು ತೆಗೆಯಬೇಕಾಗುತ್ತದೆ. ಆದರೆ ಆ ವಯಸ್ಸಿನ ಹುಡುಗ ತಾಯಿಗೆ ಏನು ಹೇಳುತ್ತಾನೆ? ಹೊಟ್ಟೆನೋವು ಎನ್ನುತ್ತಾನೆ. ಜೀರಿಗೆ ಕಷಾಯ ಸಿಗುತ್ತದೆ, ಬೆಳಗಾಗುತ್ತದೆ. ಕಿಬ್ಬೊಟ್ಟೆ ನೋವು, ವಾಂತಿ ಎನ್ನುವ ಹುಡುಗನನ್ನು ತಂದೆಯಾದವರು ಒಳಗೆ ಕರೆದುಕೊಂಡು ಹೋಗಿ ಕೇಳಬೇಕು, ನೋಡಬೇಕು. ಇದಕ್ಕೆ ಪ್ರತಿಯಾಗಿ ಯುವಕರ ವೃಷಣದಲ್ಲಿ ಕಾಣುವ ನೋವಿಲ್ಲದ ಗಟ್ಟಿ ಗಂಟು ಮತ್ತೆ ನನ್ನ ಮೊದಲ ವಾದಕ್ಕೇ ಸೇರಿದ್ದು. ಅದು ಕ್ಯಾನ್ಸರ್ ಇರಬಹುದು, ಬೇಗ ಹಿಡಿದರೆ ಪೂರ್ತಿ ಗುಣವಾಗುವ ಕ್ಯಾನ್ಸರ್. ಮಗುವಿನ ವೃಷಣ ಚೀಲಕ್ಕೆ ಇಳಿದಿಲ್ಲದಿದ್ದರೆ 'ದೊಡ್ಡವನಾದ ಮೇಲೆ ಇಳಿಯುತ್ತದೆ' ಎಂದು ಹಿರಿಯರು ಹೇಳುತ್ತಾರೆ. ಆರು ತಿಂಗಳ ಮೇಲೆ ಅದು ತಾನಾಗಿ ಇಳಿಯುವುದು ಅಪರೂಪ, ಒಂದೂವರೆ ವರ್ಷದೊಳಗೆ ಇಳಿಸಿ ಕೂರಿಸುವುದು ಒಳ್ಳೆಯದು.

ನೋವಿನ ಅಳತೆಗೋಲು ಇನ್ನೊಂದು ದಿಕ್ಕಿನಲ್ಲೂ ತಪ್ಪುತ್ತದೆ. ಸೊಂಟ ಹಿಡಿದುಕೊಂಡರೆ ಸಾಕು, ಕಿಡ್ನಿ ಹೋಯಿತೆಂದು ಗಾಬರಿಯಾಗಿ ಸ್ಕ್ಯಾನಿಗೆ ಓಡುವವರು ಬಹಳ. ಬಗ್ಗಿದಾಗ, ಎದ್ದಾಗ, ಭಾರ ಎತ್ತಿದಾಗ ಹೆಚ್ಚುವ ನೋವು ಬಹುತೇಕ ಬೆನ್ನಿನ ಸ್ನಾಯುಗಳದು. ಇನ್ನು ಕಲ್ಲಿಗೆಂದು ಮನೆಯಲ್ಲಿ ಕುಡಿಯುವ ಬಾಳೆದಿಂಡಿನ ರಸ, ಹುರುಳಿ ಕಷಾಯ, ಬಾರ್ಲಿ ನೀರಿನ ಮೇಲೆ ನನಗೆ ಕೋಪವಿಲ್ಲ. ಅವುಗಳ ಜೊತೆ ಹೊಟ್ಟೆಗೆ ಹೋಗುವ ನೀರಿಗೆ ಗುಣ ಇದ್ದೇ ಇದೆ. ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುವುದು, ಉಪ್ಪು ಇಳಿಸುವುದು ಕಲ್ಲಿಗೆ ನಿಜವಾದ ತಡೆ. ಕ್ಯಾಲ್ಸಿಯಂ ಕಲ್ಲೆಂದು ಹಾಲು ಮೊಸರು ಬಿಡುವುದು ಮಾತ್ರ ಉಲ್ಟಾ ಕೆಲಸ. ಊಟದ ಕ್ಯಾಲ್ಸಿಯಂ, ಆ ಕಲ್ಲಿನ ಇನ್ನೊಂದು ಪಾಲಾದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ. ಆದರೆ ಕಲ್ಲು ಕರಗಿಸುತ್ತೇವೆ ಎನ್ನುವವರ ಮಾತು ಬೇರೆ. ಔಷಧಕ್ಕೆ ಕರಗುವುದು ಮುಖ್ಯವಾಗಿ ಯೂರಿಕ್ ಆಮ್ಲದ ಕಲ್ಲು. ನಮ್ಮಲ್ಲಿ ಹೆಚ್ಚಾಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಕರಗುವುದಿಲ್ಲ. ಅದಕ್ಕೆ ಕಾದು ಕೂತ ತಿಂಗಳುಗಳು ಕಿಡ್ನಿಯ ಲೆಕ್ಕದಿಂದ ಹೋಗುತ್ತವೆ.

ಕಡೆಯದು ದುಡ್ಡಿನ ಆಕ್ಷೇಪ. ನೋವಿಲ್ಲದಾಗಲೂ ತೋರಿಸಿ ಎಂದರೆ ಖಾಸಗಿ ಆಸ್ಪತ್ರೆಗಳ ಜೇಬು ತುಂಬಿಸಿದಂತಲ್ಲವೇ? ಬೇಡದ ಸ್ಕ್ಯಾನ್, ಬೇಡದ ಆಪರೇಷನ್ ನಡೆಯುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ತಡವಾಗಿ ಹೋದದ್ದರ ಖರ್ಚು ಯಾವಾಗಲೂ ಹೆಚ್ಚು. ಮೊದಲ ಹೆಜ್ಜೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಡಬಹುದು. ಮೂತ್ರಪರೀಕ್ಷೆ, ಕ್ರಿಯಾಟಿನಿನ್‌ಗೆ ಬೆಂಗಳೂರು ಬೇಕಿಲ್ಲ. ಅಲ್ಲಿಂದ ಬರೆದುಕೊಟ್ಟರೆ ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈ ಕಾಯಿಲೆಗಳಿಗೆಂದೇ ಇರುವ ನೆಫ್ರೋ ಯುರಾಲಜಿ ಸಂಸ್ಥೆ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಹೊಟ್ಟೆ ಕೊಯ್ಯುವ ಭಯವೂ ಹಳೆಯ ಕಾಲದ್ದು. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಮೊದಲ ಬಾರಿಗೆ ಮೈಗೆ ಗಾಯವಿಲ್ಲದೆ, ಹೊರಗಿನಿಂದ ಆಘಾತ ತರಂಗ ಬಿಟ್ಟು ಕಿಡ್ನಿ ಕಲ್ಲನ್ನು ಪುಡಿ ಮಾಡಿದರು. ಈಗ ಮೂತ್ರದ ದಾರಿಯಲ್ಲೇ ದುರ್ಬೀನು ಕಳಿಸಿ ಲೇಸರಿನಿಂದ ಒಡೆಯುವುದು, ದೊಡ್ಡ ಕಲ್ಲಿಗೆ ಬೆನ್ನಿನಲ್ಲಿ ಒಂದು ಸೆಂಟಿಮೀಟರಿನಷ್ಟು ತೂತು ಮಾಡಿ ತೆಗೆಯುವುದು ನಮ್ಮ ಜಿಲ್ಲೆಗಳಲ್ಲೇ ನಡೆಯುತ್ತಿದೆ.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ಅದು ನಿಂತಿದ್ದರೂ, ಆ ವಾರದೊಳಗೆ ತೋರಿಸಿ. ಹೋಗುವಾಗ ಹಳೆಯ ಸ್ಕ್ಯಾನ್ ವರದಿಗಳನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಬೀಡಿ ಎಷ್ಟು ವರ್ಷ ಸೇದಿದಿರಿ ಎಂಬುದನ್ನು ಮುಚ್ಚಿಡಬೇಡಿ. ಮತ್ತೊಂದು, ಧಾರೆ ಸಣ್ಣದಾಗಿದೆ ಎಂದು ತೋರಿಸಲು ಹೋಗುವವರು ಆಸ್ಪತ್ರೆಯ ಬಾಗಿಲಲ್ಲಿ ಮೂತ್ರ ಮಾಡಿ ಒಳಗೆ ಹೋಗಬೇಡಿ. ಮೊದಲ ಪರೀಕ್ಷೆಗೆ ಬೇಕಾದ್ದು ತುಂಬಿದ ಮೂತ್ರಕೋಶ.